ಪಾರ್ಟ್‌ಟೈಮ್ ಟೀಚರ್ ಅಕಾಡೆಮಿಕ್ ಸೆನೆಟ್‌ಗೆ ಹೋಗಬೇಕಾ? (ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜು)

ಫ್ರೀವೇ ಟೀಚರಮ್ಮ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯಲೇಬೇಕಾಯಿತು.

ನಾನು ಹಾಸನದ ಕಡೆಯವಳು. ಬೇ ಏರಿಯಾದ ಎರಡು ಕಮ್ಯುನಿಟಿ ಕಾಲೇಜುಗಳಲ್ಲಿ (ಇಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜುಗಳು) ಗಣಿತ ಪಾಠ ಮಾಡುತ್ತೇನೆ. ಎರಡೂ ಕಡೆ ಪಾರ್ಟ್‌ಟೈಮ್. ಇಲ್ಲಿ ನಮ್ಮಂಥವರಿಗೆ 'ಫ್ರೀವೇ ಫ್ಲೈಯರ್' ಅಂತ ಅಡ್ಡಹೆಸರು. ಒಂದೂರಲ್ಲಿ ಕ್ಲಾಸು ಮುಗಿಸಿ ಕಾರು ಹತ್ತಿ ಇನ್ನೊಂದೂರಿಗೆ ಓಡುವವರು. ಒಂದೇ ಡಿಸ್ಟ್ರಿಕ್ಟ್‌ನಲ್ಲಿ (ಕಾಲೇಜುಗಳನ್ನು ನಡೆಸುವ ಸ್ಥಳೀಯ ಆಡಳಿತ) ಪೂರ್ತಿ ಕೆಲಸದ ಶೇ. 67ಕ್ಕಿಂತ ಜಾಸ್ತಿ ಪಾಠ ನಮಗೆ ಕೊಡುವ ಹಾಗಿಲ್ಲ ಅಂತ ಕಾನೂನೇ ಇದೆ. 2009ಕ್ಕೆ ಮುಂಚೆ ಅದು 60 ಇತ್ತು. ಹಾಗಾಗಿ ಮನೆ ನಡೆಯಬೇಕಾದರೆ ಎರಡು ಕಡೆ ದುಡಿಯಲೇಬೇಕು.

ವಿಷಯಕ್ಕೆ ಬರುತ್ತೇನೆ. ಈ ಸೆಮಿಸ್ಟರ್ ಶುರುವಾಗುವ ಎರಡು ದಿನ ಮುಂಚೆ ನನ್ನ ಒಂದು ಕ್ಲಾಸು ರದ್ದಾಯಿತು. ಮಕ್ಕಳು ಸಾಕಷ್ಟು ಸೇರಲಿಲ್ಲವಂತೆ. ಎರಡು ಸಾಲಿನ ಈಮೇಲ್, ಅಷ್ಟೇ. ನಾನು ಸಿಟ್ಟಿನಲ್ಲಿ ಡಿಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡಿದೆ. ಅದನ್ನು ಕೇಳಿದ ಒಬ್ಬರು ಹಿರಿಯ ಪ್ರೊಫೆಸರ್ ಆಮೇಲೆ ಬಂದು, 'ಅಕಾಡೆಮಿಕ್ ಸೆನೆಟ್‌ನಲ್ಲಿ ಪಾರ್ಟ್‌ಟೈಮ್‌ನವರಿಗೆ ಒಂದು ಸೀಟಿದೆ, ಎರಡು ವರ್ಷದಿಂದ ಖಾಲಿ ಬಿದ್ದಿದೆ, ನೀವು ಬನ್ನಿ' ಅಂದರು.

ಸಂಬಳ ಇಲ್ಲ. ತಿಂಗಳಿಗೆ ಎರಡು ಸೋಮವಾರ, ಮಧ್ಯಾಹ್ನ 2:30ರಿಂದ 4:30. ಮನೆಯವರು 'ಬಿಟ್ಟಿ ಕೆಲಸ ಯಾಕೆ' ಅನ್ನುತ್ತಿದ್ದಾರೆ. ನನಗೂ ಸೆನೆಟ್ ಏನು, ಯೂನಿಯನ್ ಏನು ಅನ್ನೋದೇ ಸರಿಯಾಗಿ ಗೊತ್ತಿಲ್ಲ. ಒಳಗಿದ್ದವರು ಯಾರಾದರೂ ಹೇಳುತ್ತೀರಾ?

ನೇರ ಮಾತು

ಮೇಡಂ, ಬೇಡ. ಮನೆಯವರು ಸರಿಯಾಗೇ ಹೇಳಿದ್ದಾರೆ. ಸೆನೆಟ್ ಅಂದರೆ ಅರಳಿಕಟ್ಟೆ. ಮಾತು ಜಾಸ್ತಿ, ತೀರ್ಮಾನ ಆಗುವುದು ಬೇರೆ ಕಡೆ. ಆ ಎರಡು ಗಂಟೆ ಟ್ಯೂಷನ್ ಹೇಳಿಕೊಟ್ಟರೆ ಕೈಗೆ ನಾಲ್ಕು ಕಾಸು ಬರುತ್ತದೆ.

ಹಳೇ ಚಾಕ್‌ಪೀಸ್

ನೇರ ಮಾತು ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧ ನಾನು ಹೇಳುತ್ತೇನೆ. ನಾನು ದಕ್ಷಿಣ ಕ್ಯಾಲಿಫೋರ್ನಿಯಾದ ಒಂದು ಕಾಲೇಜಿನಲ್ಲಿ ಫುಲ್‌ಟೈಮ್ ಇದ್ದು ರಿಟೈರ್ ಆದವನು. ಸೆನೆಟ್‌ನಲ್ಲಿ ಹನ್ನೊಂದು ವರ್ಷ ಕೂತಿದ್ದೆ. ಅಲ್ಲಿ ಕುಡಿದ ಕೆಟ್ಟ ಕಾಫಿ ಈಗಲೂ ಬಾಯಲ್ಲಿದೆ.

ಮೊದಲು ಸೆನೆಟ್ಟು, ಯೂನಿಯನ್ನು. ಇವೆರಡೂ ಅಣ್ಣತಮ್ಮ ಅಂದುಕೊಳ್ಳಿ, ಆದರೆ ಮನೆ ಬೇರೆ ಬೇರೆ. ಪ್ರತಿ ಕಾಲೇಜಿನಲ್ಲಿ ಮೇಷ್ಟ್ರುಗಳು ಸೆನೆಟ್, ಅಂದರೆ ತಮ್ಮ ಪ್ರತಿನಿಧಿಗಳ ಸಭೆ, ಕಟ್ಟಿಕೊಳ್ಳಲು ದಾರಿ ಆಗಿದ್ದು 1963ರಲ್ಲಿ. ಆಗ ಇಲ್ಲಿನ ಕಾಲೇಜು ಮೇಷ್ಟ್ರುಗಳಿಗೆ ಸಂಬಳದ ಬಗ್ಗೆ ಕೂತು ಚೌಕಾಸಿ ಮಾಡುವ ಹಕ್ಕೇ ಇರಲಿಲ್ಲ. ಅದು ಬಂದಿದ್ದು 1975ರಲ್ಲಿ, ರೊಡ್ಡಾ ಕಾಯ್ದೆಯಿಂದ. ಅಲ್ಲಿಂದ ಸಂಬಳ, ಕೆಲಸದ ಗಂಟೆ, ಕ್ಲಾಸಿನ ಗಾತ್ರ, ದೂರು ದುಮ್ಮಾನ ಎಲ್ಲ ಯೂನಿಯನ್ ಪಾಲಿಗೆ ಹೋಯಿತು. ಸೆನೆಟ್‌ಗೆ ಉಳಿದಿದ್ದು ಪಾಠದ ವಿಷಯ.

ಆಮೇಲೆ 1988ರಲ್ಲಿ ಎಬಿ 1725 ಅನ್ನೋ ಕಾನೂನು ಬಂತು. ಗವರ್ನರ್ ಡ್ಯೂಕ್‌ಮೇಜಿಯನ್ ಸಹಿ ಹಾಕಿದರು. ಅಲ್ಲಿಯವರೆಗೆ ಕಮ್ಯುನಿಟಿ ಕಾಲೇಜನ್ನು ಹೈಸ್ಕೂಲಿನ ಮುಂದುವರಿದ ಭಾಗದ ಹಾಗೆ ನೋಡುತ್ತಿದ್ದರು. ಪಾಠ ಮಾಡಲು ಸ್ಕೂಲ್ ಟೀಚರುಗಳ ಹಾಗೆ ಲೈಸೆನ್ಸ್ ಬೇಕಿತ್ತು. ಅದನ್ನು ತೆಗೆದು, ಇದು ಕಾಲೇಜು, ಇಲ್ಲಿ ಏನು ಕಲಿಸಬೇಕು ಅನ್ನೋದನ್ನು ಕಲಿಸುವವರ ಹತ್ತಿರ ಕೇಳಬೇಕು ಅಂತ ಬರೆದಿಟ್ಟರು. ಅದರ ಮೇಲೆ ಬಂದ ನಿಯಮಗಳನ್ನೇ ನಾವು 'ಟೆನ್ ಪ್ಲಸ್ ಒನ್' ಅನ್ನುವುದು. ಪಠ್ಯಕ್ರಮ, ಯಾವ ಕೋರ್ಸಿಗೆ ಮುಂಚೆ ಯಾವುದು ಓದಿರಬೇಕು, ಡಿಗ್ರಿಗೆ ಏನೇನು ಬೇಕು, ಗ್ರೇಡು ಕೊಡುವ ನೀತಿ, ಹೊಸ ಪ್ರೋಗ್ರಾಂ ಶುರು ಮಾಡುವುದು, ಅಕ್ರೆಡಿಟೇಶನ್‌ನಲ್ಲಿ (ಕಾಲೇಜಿಗೆ ಮಾನ್ಯತೆ ಕೊಡುವ ಕೆಲಸ) ಮೇಷ್ಟ್ರುಗಳ ಪಾಲು, ಬಜೆಟ್ ಮಾಡುವ ಕ್ರಮ... ಹೀಗೆ ಹತ್ತು ವಿಷಯ. ಹನ್ನೊಂದನೆಯದು, ಬೋರ್ಡೂ (ಜನ ಆರಿಸಿದ ಟ್ರಸ್ಟಿಗಳ ಮಂಡಳಿ) ಸೆನೆಟ್ಟೂ ಒಪ್ಪಿ ಸೇರಿಸಿಕೊಂಡ ಇನ್ನಾವುದಾದರೂ ವಿಷಯ.

ಬಜೆಟ್ ಮಾಡುವ 'ಕ್ರಮ' ಅಂದಿದ್ದೇನೆ, ಗಮನಿಸಿ. ಬಜೆಟ್ ಅಲ್ಲ. ದುಡ್ಡು ಎಲ್ಲಿ ಹೋಗಬೇಕು ಅಂತ ಸೆನೆಟ್ ಹೇಳುವ ಹಾಗಿಲ್ಲ. ಅದನ್ನು ತೀರ್ಮಾನಿಸುವ ದಾರಿ ಹೇಗಿರಬೇಕು ಅಂತ ಹೇಳಬಹುದು. ಈ ಒಂದು ಪದದ ಮೇಲೆ ನಾವು ಎಷ್ಟು ಮಧ್ಯಾಹ್ನ ಕಳೆದಿದ್ದೇವೆ ಅಂತ ಕೇಳಬೇಡಿ.

ಇನ್ನು 'ಅರಳಿಕಟ್ಟೆ' ಮಾತು. ಈ ಹನ್ನೊಂದು ವಿಷಯಗಳಿಗೆ ಬೋರ್ಡ್ ಎರಡರಲ್ಲಿ ಒಂದು ದಾರಿ ಹಿಡಿಯಬೇಕು. ಒಂದು, ಮುಖ್ಯವಾಗಿ ಸೆನೆಟ್‌ನ ಸಲಹೆಯನ್ನೇ ನಂಬಿ ನಡೆಯುವುದು. ಹಾಗೆ ಒಪ್ಪಿಕೊಂಡ ವಿಷಯದಲ್ಲಿ ಸಲಹೆಯನ್ನು ತಳ್ಳಿಹಾಕಬೇಕಾದರೆ ಅಸಾಧಾರಣ ಸಂದರ್ಭ, ಬಲವಾದ ಕಾರಣ ಇರಬೇಕು. ಸೆನೆಟ್ ಕೇಳಿದರೆ ಆ ಕಾರಣವನ್ನು ಬರೆದು ಕೊಡಬೇಕು. ಇನ್ನೊಂದು, ಇಬ್ಬರೂ ಒಪ್ಪಿದರೆ ಮಾತ್ರ ಮುಂದಕ್ಕೆ. ಒಪ್ಪದಿದ್ದರೆ ಇರುವ ನೀತಿಯೇ ಮುಂದುವರಿಯುತ್ತದೆ. ಅದರಿಂದ ಕೋರ್ಟು ಕಚೇರಿ ಆಗುವ ಹಾಗಿದ್ದರೆ, ದೊಡ್ಡ ಹಣದ ಹೊಡೆತ ಬೀಳುವ ಹಾಗಿದ್ದರೆ ಮಾತ್ರ ಬೋರ್ಡ್ ಒಬ್ಬರೇ ಬದಲಿಸಬಹುದು.

'ಬರೆದು ಕೊಡಿ' ಅನ್ನುವ ಎರಡು ಪದಕ್ಕೆ ಎಷ್ಟು ಹೆದರುತ್ತಾರೆ ಅಂತ ನೋಡಿದವನಿಗೇ ಗೊತ್ತು.

ನಿಮ್ಮ ಕ್ಲಾಸು ರದ್ದಾದ ವಿಷಯ ಮಾತ್ರ ಸೆನೆಟ್‌ನದ್ದಲ್ಲ. ಅದು ಯೂನಿಯನ್ ಒಪ್ಪಂದದ ಮಾತು. ಸಿಟ್ಟನ್ನು ಸರಿಯಾದ ಬಾಗಿಲಿಗೆ ಒಯ್ಯಿರಿ.

ಫ್ರೀವೇ ಟೀಚರಮ್ಮ

ಸರ್, ತುಂಬಾ ಥ್ಯಾಂಕ್ಸ್. ಇಷ್ಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಇದನ್ನು ಯಾರೂ ಹೀಗೆ ಕೂರಿಸಿ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಪಾರ್ಕಿಂಗ್ ಪರ್ಮಿಟ್ ಎಲ್ಲಿ ತಗೋಬೇಕು ಅಂತ ಮಾತ್ರ ಹೇಳಿದ್ದರು.

ಗೆಸ್ಟ್ ಮೇಷ್ಟ್ರು, ತುಮಕೂರು

ಮೇಡಂ, ನಿಮ್ಮ ಕತೆ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅಮೆರಿಕದಲ್ಲೂ ನಮ್ಮ ಜಾತಿಯವರು ಇದ್ದಾರೆ ಅಂತ ಗೊತ್ತಿರಲಿಲ್ಲ.

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಅಂದರೆ ಹೆಸರಿಗೆ ಮಾತ್ರ, ಎಲೆ ಹಾಕಿ ಬಡಿಸುವವರು ಯಾರೂ ಇಲ್ಲ. ವರ್ಷ ವರ್ಷ ಹೊಸದಾಗಿ ಅರ್ಜಿ, ಕೌನ್ಸೆಲಿಂಗ್. 2021ರ ಕೊನೆಯಲ್ಲಿ ನಾವು ರಾಜ್ಯದ ತುಂಬ ತರಗತಿ ಬಿಟ್ಟು ಧರಣಿ ಕೂತಿದ್ದು ನೆನಪಿರಬಹುದು. 2022ರ ಜನವರಿಯಲ್ಲಿ ಗೌರವಧನ ಏರಿಸಿದರು. ನೆಟ್, ಸ್ಲೆಟ್ ಅಥವಾ ಪಿಎಚ್‌ಡಿ ಇದ್ದು ಐದು ವರ್ಷ ದಾಟಿದವರಿಗೆ 32 ಸಾವಿರ, ಐದು ವರ್ಷ ಆಗದವರಿಗೆ 30 ಸಾವಿರ. ಆ ಅರ್ಹತೆ ಇಲ್ಲದವರಿಗೆ 28, 26. ಸಂತೋಷವೇ. ಆದರೆ ಜೊತೆಗೇ ವಾರಕ್ಕೆ 15 ಗಂಟೆ ಪಾಠ ಅಂದರು. ಇಬ್ಬರ ಕೆಲಸ ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರು ಮನೆಗೆ. ನನ್ನ ಜೊತೆ ಧರಣಿಯಲ್ಲಿ ಕೂತಿದ್ದ ಗೆಳೆಯನೇ ಆ ಇನ್ನೊಬ್ಬ.

ಇನ್ನು ಪಠ್ಯದ ವಿಷಯಕ್ಕೆ ನಮ್ಮನ್ನು ಕೇಳುವವರಾರು? ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಮಂಡಳಿ ಇದೆ, ಅಕಾಡೆಮಿಕ್ ಕೌನ್ಸಿಲ್ ಇದೆ, ಸಿಂಡಿಕೇಟ್ ಇದೆ. ಅತಿಥಿಗಳಿಗೆ ಅಲ್ಲಿ ಕುರ್ಚಿ ಇಲ್ಲ. ಕಾಲೇಜಿನಲ್ಲಿ ಅಭಿವೃದ್ಧಿ ಸಮಿತಿ ಇದೆ, ಅದಕ್ಕೆ ಅಧ್ಯಕ್ಷರು ಶಾಸಕರು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಡಿಗ್ರಿ ತಂದರು. 2024ರಲ್ಲಿ ರಾಜ್ಯ ಸರ್ಕಾರ ನೇಮಿಸಿದ ಥೋರಟ್ ಆಯೋಗದ ಮಧ್ಯಂತರ ವರದಿ ಬಂತು, ಮತ್ತೆ ಮೂರು ವರ್ಷ ಅಂದರು. ಎರಡು ಸಲವೂ ನಾವು ಹೊಸ ಸಿಲಬಸ್ಸನ್ನು ವಾಟ್ಸಾಪಿನಲ್ಲಿ ನೋಡಿ ನೋಟ್ಸ್ ಬರೆದೆವು. ಎತ್ತು ಏರಿಗೆ, ಕೋಣ ನೀರಿಗೆ. ನೊಗ ಹೊತ್ತು ನಿಂತಿರುವುದು ನಾವು.

ನಿಮಗೆ ಒಂದು ಕುರ್ಚಿ ಖಾಲಿ ಇಟ್ಟುಕೊಂಡು ಕರೆಯುತ್ತಿದ್ದಾರೆ. ಹೋಗಿ ಕೂತುಕೊಳ್ಳಿ ಮೇಡಂ.

ನೇರ ಮಾತು

ಮೇಷ್ಟ್ರೇ, ನಿಮ್ಮ ಕಷ್ಟ ಒಪ್ಪುತ್ತೇನೆ. ಆದರೆ ಕುರ್ಚಿ ಇದ್ದರೆ ಸಾಕಾ? ಪಠ್ಯಕ್ರಮ ಸೆನೆಟ್‌ನ ಕೈಯಲ್ಲಿ ಅಂತ ಚಾಕ್‌ಪೀಸ್ ಸರ್ ಹೇಳಿದರು. ಹಾಗಾದರೆ ಎಬಿ 705 ಏನಾಯಿತು? ಗಣಿತದವರು ನೀವೇ ಹೇಳಿ ಮೇಡಂ. ನಿಮ್ಮ ಅರ್ಧ ಕೋರ್ಸುಗಳನ್ನು ಮಾಯ ಮಾಡಿದ್ದು ಸೆನೆಟ್ಟಾ, ರಾಜಧಾನಿ ಸ್ಯಾಕ್ರಮೆಂಟೋದ ಶಾಸಕರಾ?

ಫ್ರೀವೇ ಟೀಚರಮ್ಮ

ಇದು ನನ್ನ ಹೊಟ್ಟೆಗೆ ಹತ್ತಿರದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ: ಮುಂಚೆ ಕಾಲೇಜಿಗೆ ಸೇರಿದ ತಕ್ಷಣ ಗಣಿತ, ಇಂಗ್ಲಿಷಿಗೆ ಒಂದು ಪರೀಕ್ಷೆ ಇರುತ್ತಿತ್ತು. ಕಡಿಮೆ ಬಂದರೆ ಕೆಳಗಿನ ಮೆಟ್ಟಿಲಿನಿಂದ ಶುರು. ಅಂಕಗಣಿತ, ಪ್ರೀ ಆಲ್ಜೀಬ್ರಾ, ಎಲಿಮೆಂಟರಿ ಆಲ್ಜೀಬ್ರಾ, ಇಂಟರ್‌ಮೀಡಿಯೆಟ್ ಆಲ್ಜೀಬ್ರಾ. ಇವೆಲ್ಲ ದಾಟಿದ ಮೇಲೆ ಯೂನಿವರ್ಸಿಟಿ ಒಪ್ಪುವ ಗಣಿತ. 2017ರಲ್ಲಿ ಎಬಿ 705 ಪಾಸಾಯಿತು, 2019ರ ಫಾಲ್ ಸೆಮಿಸ್ಟರ್ ಹೊತ್ತಿಗೆ ಎಲ್ಲ ಕಾಲೇಜೂ ಜಾರಿ ಮಾಡಬೇಕಾಯಿತು. ಹೈಸ್ಕೂಲಿನ ಅಂಕ ನೋಡಿ, ಒಂದು ವರ್ಷದೊಳಗೆ ಯೂನಿವರ್ಸಿಟಿ ಮಟ್ಟದ ಗಣಿತ ಮುಗಿಸುವ ಹಾಗೆ ಸೇರಿಸಿ ಅಂದರು. 2022ರ ಎಬಿ 1705 ಅದನ್ನು ಇನ್ನೂ ಬಿಗಿ ಮಾಡಿತು.

ಅವರ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಲೆಕ್ಕ ಹಾಕಿ ನೋಡಿ. ಪ್ರತಿ ಮೆಟ್ಟಿಲಲ್ಲಿ ನೂರಕ್ಕೆ ಎಪ್ಪತ್ತು ಜನ ದಾಟುತ್ತಾರೆ ಅಂದುಕೊಳ್ಳೋಣ. ನಾಲ್ಕು ಮೆಟ್ಟಿಲು ದಾಟುವ ಹೊತ್ತಿಗೆ 70, 49, 34, 24. ನೂರು ಜನ ಹೊರಟರೆ ಮೇಲೆ ಮುಟ್ಟಿದ್ದು ಇಪ್ಪತ್ತನಾಲ್ಕು. ಯಾರೂ ಕೆಟ್ಟ ಟೀಚರ್ ಅಲ್ಲ, ಯಾರೂ ಕೆಟ್ಟ ಸ್ಟೂಡೆಂಟ್ ಅಲ್ಲ. ಏಣಿಯೇ ಸೋರುತ್ತದೆ. ಮಧ್ಯದಲ್ಲಿ ಬಿದ್ದವರಲ್ಲಿ ಬಡವರ ಮಕ್ಕಳೇ ಜಾಸ್ತಿ.

ಆದರೆ ನನ್ನ ಪ್ರೀ ಆಲ್ಜೀಬ್ರಾ ಕ್ಲಾಸಿನಲ್ಲಿ ಒಬ್ಬರು ಇದ್ದರು. ನಲವತ್ತು ದಾಟಿದ ತಾಯಿ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದರು. ಭಿನ್ನರಾಶಿ ಕೂಡಿಸುವುದನ್ನು ಇಪ್ಪತ್ತು ವರ್ಷ ಆದ ಮೇಲೆ ಮತ್ತೆ ಕಲಿತರು. ಮೊದಲ ಸಲ ಉತ್ತರ ಸರಿ ಬಂದಾಗ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟರು. ಈಗ ಅಂಥವರು ಬಂದರೆ ನೇರವಾಗಿ ಸ್ಟ್ಯಾಟಿಸ್ಟಿಕ್ಸ್‌ಗೆ ಕಳಿಸುತ್ತೇವೆ. ಪಕ್ಕದಲ್ಲಿ ಒಂದು ಸಪೋರ್ಟ್ ಕ್ಲಾಸು ಕಟ್ಟಿರುತ್ತೇವೆ. ಕೆಲವರು ದಾಟುತ್ತಾರೆ, ನನಗೇ ಆಶ್ಚರ್ಯ ಆಗುವಷ್ಟು ಚೆನ್ನಾಗಿ. ಕೆಲವರು ಮೂರನೇ ವಾರ ಕಾಣೆಯಾಗುತ್ತಾರೆ.

ನನ್ನ ಸಿಟ್ಟು ಕಾನೂನಿನ ಮೇಲೆ ಅಷ್ಟಲ್ಲ. ಆ ಕೆಳಗಿನ ಕೋರ್ಸುಗಳನ್ನು ನಾನು ಪಾಠ ಮಾಡಿದ್ದೇನೆ, ನನ್ನ ಹಾಗೆ ಎಷ್ಟೋ ಪಾರ್ಟ್‌ಟೈಮ್‌ನವರು ಮಾಡಿದ್ದಾರೆ. ಯಾವುದನ್ನು ಉಳಿಸಬೇಕು, ಸಪೋರ್ಟ್ ಕ್ಲಾಸು ಹೇಗಿರಬೇಕು ಅಂತ ನಮ್ಮ ಕಾಲೇಜಿನಲ್ಲಿ ಚರ್ಚೆ ಆದಾಗ ನಮ್ಮನ್ನು ಯಾರೂ ಕರೆಯಲಿಲ್ಲ. ಅಡಿಗೆ ಮಾಡಿದವರನ್ನು ಬಿಟ್ಟು ಉಪ್ಪು ಹೆಚ್ಚೋ ಕಡಿಮೆಯೋ ಅಂತ ಮಾತಾಡಿದ ಹಾಗೆ.

ಹಳೇ ಚಾಕ್‌ಪೀಸ್

ನೇರ ಮಾತು ಅವರ ಏಟು ಸರಿಯಾದ ಜಾಗಕ್ಕೆ ಬಿದ್ದಿದೆ, ಒಪ್ಪಿಕೊಳ್ಳುತ್ತೇನೆ. 'ಟೆನ್ ಪ್ಲಸ್ ಒನ್' ರಾಜ್ಯ ಮಂಡಳಿಯ ನಿಯಮ. ವಿಧಾನಸಭೆಯ ಕಾನೂನು ಅದಕ್ಕಿಂತ ಮೇಲೆ. ಈಚೆಗೆ ಅಂಥ ಕಾನೂನುಗಳು ಸಾಲಾಗಿ ಬಂದಿವೆ. 2021ರಲ್ಲಿ ಒಂದು, ಯುಸಿ ಮತ್ತು ಕ್ಯಾಲ್ ಸ್ಟೇಟ್ (ರಾಜ್ಯದ ಎರಡು ಸರ್ಕಾರಿ ಯೂನಿವರ್ಸಿಟಿ ಗುಂಪುಗಳು) ಎರಡಕ್ಕೂ ಒಂದೇ ಸಾಮಾನ್ಯ ಶಿಕ್ಷಣದ ದಾರಿ ಅಂತ. ಅದೇ ವರ್ಷ ಇನ್ನೊಂದು, ಎಲ್ಲ ಕಾಲೇಜಿನಲ್ಲೂ ಒಂದೇ ಕೋರ್ಸಿಗೆ ಒಂದೇ ನಂಬರ್ ಅಂತ. ಮಕ್ಕಳಿಗೆ ಒಳ್ಳೆಯದೇ. ಆದರೆ ಸೆನೆಟ್‌ನ ಅಂಗಳ ಸಣ್ಣದಾಗುತ್ತಾ ಬಂದಿದೆ.

ಹಾಗಂತ ಪೂರ್ತಿ ಖಾಲಿ ಆಗಿಲ್ಲ. ಕಾನೂನು 'ಮಾಡಿ' ಅನ್ನುತ್ತದೆ, 'ಹೀಗೇ ಮಾಡಿ' ಅಂತ ಎಲ್ಲ ಕಡೆ ಹೇಳುವುದಿಲ್ಲ. ಆ ಸಪೋರ್ಟ್ ಕ್ಲಾಸಿಗೆ ಎಷ್ಟು ಯೂನಿಟ್ (ಕ್ರೆಡಿಟ್), ಯಾರು ಪಾಠ ಮಾಡಬೇಕು, ಜೊತೆಗೆ ಟ್ಯೂಟರ್ ಇರಬೇಕಾ, ಇವೆಲ್ಲ ಕರಿಕ್ಯುಲಮ್ ಕಮಿಟಿಯಲ್ಲಿ ಆಗುತ್ತವೆ. ಆ ಕಮಿಟಿ ಸೆನೆಟ್‌ನ ಕೂಸು. ನೀವು ಹೋಗಬೇಕಾದ್ದು ನಿಜಕ್ಕೂ ಅಲ್ಲಿಗೆ ಟೀಚರಮ್ಮ.

ಕ್ಯುಪರ್ಟಿನೋ ಅಪ್ಪ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗ ಹೈಸ್ಕೂಲಿನಲ್ಲಿದ್ದುಕೊಂಡೇ ಡಿ ಆಂಜಾ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಕ್ಲಾಸು ಓದುತ್ತಿದ್ದಾನೆ. ಇಲ್ಲಿನ ಎಷ್ಟೋ ಕನ್ನಡದ ಮಕ್ಕಳು ಹೀಗೆ ಮಾಡುತ್ತಾರೆ. ಎರಡು ವರ್ಷ ಇಲ್ಲಿ ಓದಿ ಯುಸಿಗೆ ಹೋದರೆ ದುಡ್ಡೂ ಉಳಿಯುತ್ತದೆ. ಯೂನಿಟ್‌ಗೆ 46 ಡಾಲರ್ ಅಂತ ಕೇಳಿದ್ದೇನೆ, ಇವರದು ಸೆಮಿಸ್ಟರ್ ಬದಲು ಕ್ವಾರ್ಟರ್ ಪದ್ಧತಿ ಆದ್ದರಿಂದ ಇನ್ನೂ ಕಮ್ಮಿ. ಈ ಸೆನೆಟ್ ಗಲಾಟೆಯಿಂದ ನಮ್ಮ ಮಕ್ಕಳಿಗೆ ಏನಾದರೂ ತೊಂದರೆ ಇದೆಯಾ?

ಪುಸ್ತಕದ ಕಪಾಟು

ಅಪ್ಪಾಜಿ, ಇದು ಗಲಾಟೆ ಅಲ್ಲ. ನಿಮ್ಮ ಮಗ ಓದುವ ಕ್ಲಾಸು ಯುಸಿಯಲ್ಲಿ ಲೆಕ್ಕಕ್ಕೆ ಬರುತ್ತದಲ್ಲ, ಅದು ಹಾಗೆ ಬರಬೇಕಾದರೆ ಆ ಕೋರ್ಸಿನ ವಿವರವನ್ನು ಯಾರೋ ಮೇಷ್ಟ್ರು ಬರೆದು, ಕಮಿಟಿಯಲ್ಲಿ ಹತ್ತು ಜನ ಅದರ ತಲೆ ತಿಂದು, ಸರಿ ಮಾಡಿ ಪಾಸು ಮಾಡಿರುತ್ತಾರೆ. ಅದೇ ಗಲಾಟೆ.

ನಾನು ಒಂದು ಕಮ್ಯುನಿಟಿ ಕಾಲೇಜಿನ ಲೈಬ್ರೇರಿಯನ್. ಇಲ್ಲಿ ಲೈಬ್ರೇರಿಯನ್ನರು, ಕೌನ್ಸೆಲರ್‌ಗಳು ಕೂಡ ಫ್ಯಾಕಲ್ಟಿ. ನಮಗೂ ಸೆನೆಟ್‌ನಲ್ಲಿ ಓಟಿದೆ. ಊರಲ್ಲಿ ಅಪ್ಪನಿಗೆ ಹೇಳಿದರೆ ನಂಬಲಿಲ್ಲ. 'ಪುಸ್ತಕ ಕೊಡೋಳಿಗೆ ಓಟಾ?' ಅಂದರು.

ಇನ್ನೊಂದು ಮಾತು. ನವೆಂಬರ್ ಚುನಾವಣೆಯಲ್ಲಿ ನಿಮ್ಮ ಬ್ಯಾಲಟ್ಟಿನಲ್ಲಿ ಕಮ್ಯುನಿಟಿ ಕಾಲೇಜು ಟ್ರಸ್ಟಿಗಳ ಹೆಸರು ಬರುತ್ತದೆ. ಕಾಲೇಜಿನ ಮೇಲಿನ ಕೊನೆಯ ಮಾತು ಅವರದೇ. ನಮ್ಮವರು ಪ್ರೆಸಿಡೆಂಟ್ ಹೆಸರಿಗೆ ಗುರುತು ಹಾಕಿ ಆ ಪುಟ ಖಾಲಿ ಬಿಡುತ್ತಾರೆ.

ಕ್ಯುಪರ್ಟಿನೋ ಅಪ್ಪ

ಹೌದು, ನಾನೂ ಖಾಲಿ ಬಿಟ್ಟವನೇ.

ಮಂಜಿನೂರು

ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಕಾಲೇಜಿನ ಕತೆ ಯಾರೂ ಎತ್ತಲಿಲ್ಲವಲ್ಲ! ನಾನು ಆಗ ಆ ಊರಲ್ಲೇ ಇದ್ದೆ, ದಿನಾ ಪೇಪರಿನಲ್ಲಿ ಅದೇ ಸುದ್ದಿ.

ಸುಮಾರು 90 ಸಾವಿರ ಜನ ಓದುತ್ತಿದ್ದ ಕಾಲೇಜು. 2012ರ ಜುಲೈಯಲ್ಲಿ ಅಕ್ರೆಡಿಟೇಶನ್ ಕೊಡುವ ಆಯೋಗ, ಅಂದರೆ ಎಸಿಸಿಜೆಸಿ, 'ನಿಮ್ಮ ಮಾನ್ಯತೆ ಯಾಕೆ ತೆಗೆಯಬಾರದು, ಕಾರಣ ತೋರಿಸಿ' ಅಂತ ನೋಟಿಸ್ ಕೊಟ್ಟಿತು. ತಮಾಷೆ ಏನೆಂದರೆ ದೂರು ಹೆಚ್ಚಾಗಿ ಪಾಠದ ಮೇಲಲ್ಲ. ಹಣಕಾಸು ಸರಿಯಿಲ್ಲ, ಆಡಳಿತಗಾರರು ಸಾಲದು, ಯಾರು ಏನು ತೀರ್ಮಾನ ಮಾಡುತ್ತಾರೆ ಅಂತ ಸ್ಪಷ್ಟ ಇಲ್ಲ, ಇಂಥವು. 2013ರ ಜುಲೈಯಲ್ಲಿ ಮಾನ್ಯತೆ ಮುಂದಿನ ವರ್ಷ ರದ್ದು ಅಂತಲೇ ಹೇಳಿಬಿಟ್ಟರು. ಜನ ಆರಿಸಿದ ಬೋರ್ಡಿನ ಅಧಿಕಾರ ಕಿತ್ತು, ರಾಜ್ಯದವರು ಒಬ್ಬ ವಿಶೇಷ ಟ್ರಸ್ಟಿಯನ್ನು ಕೂರಿಸಿದರು. ಒಬ್ಬರ ಕೈಗೆ ಇಡೀ ಕಾಲೇಜು!

ಮಾನ್ಯತೆ ಹೋದರೆ ಫೆಡರಲ್ ಸಹಾಯಧನ ಇಲ್ಲ, ಯೂನಿಟ್‌ಗಳಿಗೆ ಬೆಲೆ ಇಲ್ಲ. ಸುದ್ದಿ ಕೇಳಿಯೇ ಮಕ್ಕಳು ಸಾವಿರಗಟ್ಟಲೆ ಬಿಟ್ಟುಹೋದರು. ನಗರದ ಅಟಾರ್ನಿ ಡೆನ್ನಿಸ್ ಹೆರೆರಾ ಆಯೋಗದ ಮೇಲೆ ಕೇಸು ಹಾಕಿದರು. 2015ರ ಜನವರಿಯಲ್ಲಿ ನ್ಯಾಯಾಧೀಶ ಕಾರ್ನೋ, ಆಯೋಗವೇ ನಿಯಮ ಮುರಿದಿದೆ ಅಂತ ತೀರ್ಪು ಕೊಟ್ಟರು. 2017ರ ಜನವರಿಗೆ ಏಳು ವರ್ಷದ ಪೂರ್ತಿ ಮಾನ್ಯತೆ ವಾಪಸ್ ಬಂತು. ಅಷ್ಟರಲ್ಲಿ ಬಿಟ್ಟುಹೋದವರು ಎಲ್ಲಿ ವಾಪಸ್ ಬರುತ್ತಾರೆ?

ಇದನ್ನು ಎರಡು ಕಡೆಯವರೂ ಉದಾಹರಣೆ ಕೊಡುತ್ತಾರೆ. ಆಡಳಿತದವರು 'ಎಲ್ಲರಿಗೂ ಮಾತಾಡಲು ಬಿಟ್ಟರೆ ಹೀಗಾಗುತ್ತದೆ' ಅನ್ನುತ್ತಾರೆ. ಮೇಷ್ಟ್ರುಗಳು 'ಎಲ್ಲರ ಬಾಯಿ ಮುಚ್ಚಿಸಲು ಹೋದರೆ ಹೀಗಾಗುತ್ತದೆ' ಅನ್ನುತ್ತಾರೆ. ನನಗನ್ನಿಸೋದು, ದುಡ್ಡಿನ ಲೆಕ್ಕದ ಬಗ್ಗೆ ಆಯೋಗದ ದೂರು ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಹುಣ್ಣಿಗೆ ಕೈ ಕಡಿಯಲು ಹೋದರು.

ಕೂಡು-ಕಳೆ

ದುಡ್ಡಿನ ಮಾತು ಬಂದಿತಲ್ಲ, ಈಗ ನನ್ನ ಸರದಿ. ನಾನು ಒಂದು ಡಿಸ್ಟ್ರಿಕ್ಟ್ ಕಚೇರಿಯ ಲೆಕ್ಕಪತ್ರದಲ್ಲಿ ಕೆಲಸ ಮಾಡುವವನು. ಅಂದರೆ ನಿಮ್ಮ ಕತೆಗಳಲ್ಲಿ ವಿಲನ್.

ಕ್ಲಾಸು ಯಾಕೆ ಎರಡು ದಿನ ಮುಂಚೆ ರದ್ದಾಗುತ್ತದೆ ಅಂತ ಯಾರೂ ಕೇಳಲಿಲ್ಲ. 2018ರಿಂದ ರಾಜ್ಯದ ಹಣ ಬರುವ ಸೂತ್ರ ಬದಲಾಗಿದೆ. ಹೆಚ್ಚುಕಡಿಮೆ ಶೇ. 70 ಭಾಗ ಎಷ್ಟು ಜನ ಓದುತ್ತಾರೆ ಅನ್ನೋದರ ಮೇಲೆ, 20 ಭಾಗ ಬಡ ವಿದ್ಯಾರ್ಥಿಗಳು ಎಷ್ಟು ಅನ್ನೋದರ ಮೇಲೆ, 10 ಭಾಗ ಎಷ್ಟು ಜನ ಮುಗಿಸಿದರು ಅನ್ನೋದರ ಮೇಲೆ. ಹನ್ನೊಂದು ಜನ ಇರುವ ಕ್ಲಾಸು ನಡೆಸಿದರೆ ಡೀನ್ ಮೇಲೆ ಮೇಲಿನವರು ಕಣ್ಣು ಬಿಡುತ್ತಾರೆ. ಅವರು ಕೊನೆ ಕ್ಷಣದವರೆಗೂ ಕಾಯುವುದು ಇನ್ನೆರಡು ಮಕ್ಕಳು ಸೇರಲಿ ಅಂತ. ಅದು ನಿಮಗೆ ಕ್ರೂರವಾಗಿ ಕಾಣುತ್ತದೆ, ಕಾಣಬೇಕಾದ್ದೇ.

ಈಚೆಗೆ ಇನ್ನೊಂದು ಪೀಡೆ ಸೇರಿಕೊಂಡಿದೆ: ಸುಳ್ಳು ವಿದ್ಯಾರ್ಥಿಗಳು. ಸಹಾಯಧನ ಹೊಡೆಯಲು ಕಂಪ್ಯೂಟರಿನಿಂದಲೇ ಹೆಸರು ಹುಟ್ಟಿಸಿ ಆನ್‌ಲೈನ್ ಕ್ಲಾಸಿಗೆ ಸೇರಿಸುತ್ತಾರೆ. ಕ್ಲಾಸು ತುಂಬಿದ ಹಾಗೆ ಕಾಣುತ್ತದೆ, ನಿಜವಾದ ಮಗು ವೇಟ್‌ಲಿಸ್ಟ್‌ನಲ್ಲಿ. ಮೊದಲ ವಾರ ಯಾರು ಮನುಷ್ಯರು, ಯಾರು ದೆವ್ವ ಅಂತ ಮೇಷ್ಟ್ರೇ ಹುಡುಕಬೇಕು.

ಇನ್ನು 'ಶೇ. 50 ಕಾನೂನು'. ಡಿಸ್ಟ್ರಿಕ್ಟ್‌ನ ಶಿಕ್ಷಣದ ಖರ್ಚಿನಲ್ಲಿ ಅರ್ಧ, ಕ್ಲಾಸಿನಲ್ಲಿ ಪಾಠ ಮಾಡುವವರ ಸಂಬಳಕ್ಕೇ ಹೋಗಬೇಕು. 1961ರಿಂದ ಇದೆ. ಒಳ್ಳೆ ಕಾನೂನೇ. ಆದರೆ ಪುಸ್ತಕದ ಕಪಾಟು ಅವರೇ, ನೀವು ಓಟಿನಲ್ಲಿ ಫ್ಯಾಕಲ್ಟಿ, ಈ ಲೆಕ್ಕದಲ್ಲಿ ಅಲ್ಲ. ಕೌನ್ಸೆಲರ್‌ಗಳೂ ಅಲ್ಲ. ಸೆನೆಟ್ ಅಧ್ಯಕ್ಷರಿಗೆ ಪಾಠ ಕಡಿಮೆ ಮಾಡಿ ಸೆನೆಟ್ ಕೆಲಸಕ್ಕೆ ಸಮಯ ಕೊಟ್ಟರೆ, ಆ ದುಡ್ಡೂ ಪಾಠದ ಅರ್ಧಕ್ಕೆ ಸೇರದೆ ತಪ್ಪು ಕಡೆ ಬೀಳುತ್ತದೆ. ಅಂದರೆ ಮೇಷ್ಟ್ರುಗಳು ಆಡಳಿತದಲ್ಲಿ ಪಾಲ್ಗೊಳ್ಳಬೇಕು ಅಂತ ಒಂದು ಕಾನೂನು, ಪಾಲ್ಗೊಂಡರೆ ಲೆಕ್ಕ ಕೆಡುತ್ತದೆ ಅಂತ ಇನ್ನೊಂದು.

ಪುಸ್ತಕದ ಕಪಾಟು

ಗೊತ್ತು ಸ್ವಾಮಿ, ಗೊತ್ತು. ಪ್ರತಿ ವರ್ಷ ಬಜೆಟ್ ಹೊತ್ತಿನಲ್ಲಿ ನಾವು 'ತಪ್ಪು ಕಡೆಯವರು' ಅಂತ ಕೇಳಿ ಕೇಳಿ ಅಭ್ಯಾಸ ಆಗಿದೆ. ಹೊಸ ಲೈಬ್ರೇರಿಯನ್ ಹುದ್ದೆ ಕೇಳಿದಾಗಲೆಲ್ಲ ಇದೇ ಉತ್ತರ.

ನೇರ ಮಾತು

ಹಾಗಾದರೆ ಪಾರ್ಟ್‌ಟೈಮ್‌ನವರನ್ನು ಜಾಸ್ತಿ ಮಾಡುವುದೇ ಸುಲಭ ಅಂತ ಆಯಿತು. 1988ರ ಅದೇ ಕಾನೂನಿನಲ್ಲಿ ಪಾಠದ 75 ಭಾಗ ಫುಲ್‌ಟೈಮ್‌ನವರೇ ಮಾಡಬೇಕು ಅಂತ ಗುರಿ ಇತ್ತಲ್ಲ, ಅದು ಎಲ್ಲಿ ಹೋಯಿತು?

ಕೂಡು-ಕಳೆ

ಗುರಿಯಾಗಿಯೇ ಉಳಿದಿದೆ. ಶೇ. 67ರ ಮಿತಿಯನ್ನು 80–85ಕ್ಕೆ ಏರಿಸುವ ಮಸೂದೆ 2021ರಲ್ಲಿ ಒಂದು ಸಲ, 2022ರಲ್ಲಿ ಇನ್ನೊಂದು ಸಲ ಪಾಸಾಯಿತು. ಎರಡು ಸಲವೂ ಗವರ್ನರ್ ನ್ಯೂಸಮ್ ವೀಟೋ ಮಾಡಿದರು. ಆದರೆ 2022ರ ಬಜೆಟ್ಟಿನಲ್ಲಿ ಪಾರ್ಟ್‌ಟೈಮ್‌ನವರ ಆರೋಗ್ಯ ವಿಮೆಗೆ ವರ್ಷಕ್ಕೆ 20 ಕೋಟಿ ಡಾಲರ್ ಇಟ್ಟರು. ಡಿಸ್ಟ್ರಿಕ್ಟ್ ಮತ್ತು ಯೂನಿಯನ್ ಕೂತು ಒಪ್ಪಂದ ಮಾಡಿಕೊಂಡರೆ ಮಾತ್ರ ಆ ಹಣ ಬರುತ್ತದೆ. ಟೀಚರಮ್ಮ, ನಿಮ್ಮ ಎರಡು ಕಾಲೇಜಿನಲ್ಲಿ ಯಾವುದಾದರೂ ಸೇರಿದೆಯಾ ಅಂತ ಯೂನಿಯನ್ನಿನಲ್ಲಿ ಇವತ್ತೇ ಕೇಳಿ. ಸೆನೆಟ್ ಆಮೇಲೆ.

ಫ್ರೀವೇ ಟೀಚರಮ್ಮ

ಕೇಳಿದೆ! ಒಂದು ಕಡೆ ಇದೆಯಂತೆ. ನಾನು ಫಾರ್ಮ್ ತುಂಬಬೇಕಿತ್ತು, ತುಂಬಿರಲಿಲ್ಲ. ಆ ಈಮೇಲ್ ಬಂದಿತ್ತು, ನಾನು ಓದಿರಲಿಲ್ಲ. ಕೂಡು-ಕಳೆ ಅವರೇ, ನೀವು ವಿಲನ್ ಅಲ್ಲ.

ಇನ್ನೊಂದು ತೊಡಕು ಬಂದಿದೆ. ಸೆನೆಟ್ ಮೀಟಿಂಗ್ ಸೋಮವಾರ 2:30ಕ್ಕೆ ಅಂದೆನಲ್ಲ. ಈ ಸಲ ಸೋಮವಾರ 4 ಗಂಟೆಗೆ ನನಗೆ ಇನ್ನೊಂದು ಕಾಲೇಜಿನಲ್ಲಿ ಕ್ಲಾಸಿದೆ. ಆ ಹೊತ್ತಿನಲ್ಲಿ ಸೇತುವೆ ದಾಟಲು ಐವತ್ತು ನಿಮಿಷ ಬೇಕು. ಕಾರಿನಲ್ಲಿ ಕೂತು ಝೂಮ್‌ನಲ್ಲಿ ಸೇರಬಹುದಾ ಅಂತ ಕೇಳಿದೆ. ಸೆನೆಟ್ ಕಾರ್ಯದರ್ಶಿ ನಕ್ಕುಬಿಟ್ಟರು. ಬ್ರೌನ್ ಕಾಯ್ದೆ ಅಂತ ಏನೋ ಹೇಳಿದರು.

ಹಳೇ ಚಾಕ್‌ಪೀಸ್

ಹ್ಹ ಹ್ಹ. ಅವರು ನಕ್ಕಿದ್ದು ಯಾಕೆ ಅಂತ ಹೇಳುತ್ತೇನೆ.

ಬ್ರೌನ್ ಕಾಯ್ದೆ 1953ರದು. ಊರಿನ ಸಭೆಗಳು ಬಾಗಿಲು ಮುಚ್ಚಿ ನಡೆಯಬಾರದು ಅಂತ. ಅಜೆಂಡಾವನ್ನು 72 ಗಂಟೆ ಮುಂಚೆ ಎಲ್ಲರಿಗೂ ಕಾಣುವಂತೆ ಹಾಕಬೇಕು. ಅಜೆಂಡಾದಲ್ಲಿ ಇಲ್ಲದ್ದರ ಮೇಲೆ ತೀರ್ಮಾನ ಮಾಡುವ ಹಾಗಿಲ್ಲ. ಯಾರು ಬೇಕಾದರೂ ಬಂದು ಮಾತಾಡಬಹುದು. ಕಾಲೇಜು ಬೋರ್ಡಿಗೂ ಇದು ಅನ್ವಯ, ಸೆನೆಟ್‌ಗೂ ಅನ್ವಯ.

ಅದರ ಹಳೆಯ ನಿಯಮದ ಪ್ರಕಾರ ಸದಸ್ಯರೊಬ್ಬರು ಬೇರೆ ಜಾಗದಿಂದ ಸೇರುವುದಾದರೆ ಆ ಜಾಗದ ವಿಳಾಸವನ್ನು ಅಜೆಂಡಾದಲ್ಲಿ ಹಾಕಬೇಕು. ಅಲ್ಲಿಗೂ ಸಾರ್ವಜನಿಕರು ಬರುವ ಹಾಗಿರಬೇಕು. ಈಗ ನೀವು ಕಾರಿನಿಂದ ಸೇರುತ್ತೀರಿ ಅಂದುಕೊಳ್ಳಿ. ಅಜೆಂಡಾದಲ್ಲಿ 'ಬಿಳಿ ಟೊಯೋಟಾ, ಸೇತುವೆಯ ಎರಡನೇ ಲೇನ್' ಅಂತ ಹಾಕಿ, ಹಿಂದಿನ ಸೀಟಿನಲ್ಲಿ ಸಾರ್ವಜನಿಕರಿಗೆ ಜಾಗ ಬಿಡಬೇಕಾಗುತ್ತದೆ!

ಕೋವಿಡ್ ಕಾಲದಲ್ಲಿ ಸಡಿಲ ಮಾಡಿದ್ದರು. ಈಚೆಗೂ ಸರಿಯಾದ ಕಾರಣ ಕೊಟ್ಟು ಕೆಲವು ಸಲ ದೂರದಿಂದ ಸೇರಲು ದಾರಿ ಇದೆ, ಆದರೆ ಪ್ರತಿ ಸಲ ಅಲ್ಲ. ಬರೀ ಕೇಳುವುದಕ್ಕೆ, ಸಾರ್ವಜನಿಕರಾಗಿ ಮಾತಾಡುವುದಕ್ಕೆ ಈ ತೊಂದರೆ ಇಲ್ಲ. ಓಟು ಹಾಕುವ ಸದಸ್ಯರಿಗೆ ಮಾತ್ರ.

ಗೆಸ್ಟ್ ಮೇಷ್ಟ್ರು, ತುಮಕೂರು

ಬಾಗಿಲು ತೆರೆದಿಡಲು ಮಾಡಿದ ಕಾನೂನು, ದೂರದಿಂದ ಓಡಿ ಬರುವವಳಿಗೆ ಮಾತ್ರ ಬಾಗಿಲು ಮುಚ್ಚಿತು. ಎರಡು ವರ್ಷದಿಂದ ಆ ಸೀಟು ಯಾಕೆ ಖಾಲಿ ಅಂತ ಈಗ ಗೊತ್ತಾಯಿತು.

ಪುಸ್ತಕದ ಕಪಾಟು

ಟೀಚರಮ್ಮ, ನಮ್ಮಲ್ಲಿ ಹೀಗೇ ಆಗಿತ್ತು. ನಾವು ಮಾಡಿದ್ದು ಹೇಳುತ್ತೇನೆ. ಸೆನೆಟ್‌ನ ಬೈಲಾ ತಿದ್ದಿಸಿದೆವು. ಪಾರ್ಟ್‌ಟೈಮ್ ಸೀಟಿಗೆ ಒಬ್ಬರ ಬದಲು ಇಬ್ಬರು: ಒಬ್ಬರು ಸದಸ್ಯರು, ಇನ್ನೊಬ್ಬರು ಬದಲಿ. ಯಾರು ಬಂದಿರುತ್ತಾರೋ ಅವರದು ಓಟು. ಜೊತೆಗೆ ಆ ಗಂಟೆಗಳಿಗೆ ಸಣ್ಣದೊಂದು ಗೌರವಧನ ಯೂನಿಯನ್ ಒಪ್ಪಂದದಲ್ಲಿ ಸೇರಿಸಿಕೊಂಡೆವು. ಅದಕ್ಕೆ ಒಂದೂವರೆ ವರ್ಷ ಹಿಡಿಯಿತು, ಸುಳ್ಳು ಹೇಳಲ್ಲ. ಬೈಲಾ ತಿದ್ದುಪಡಿ ಎರಡು ಮೀಟಿಂಗಿನಲ್ಲಿ ಮುಗಿಯಿತು.

ನೀವು ಈಗಲೇ ಮಾಡಬಹುದಾದ್ದು: ಮುಂದಿನ ಅಜೆಂಡಾದಲ್ಲಿ ಇದನ್ನು ಒಂದು ಐಟಂ ಆಗಿ ಹಾಕಿ ಅಂತ ಸೆನೆಟ್ ಅಧ್ಯಕ್ಷರಿಗೆ ಬರೆಯಿರಿ. ಮಾತಲ್ಲಿ ಹೇಳಬೇಡಿ, ಬರೆಯಿರಿ. ಅವರ ಅಜೆಂಡಾ ಸಾಮಾನ್ಯವಾಗಿ ಮೀಟಿಂಗಿಗೆ ಒಂದು ವಾರ ಮುಂಚೆ ಕಟ್ಟುತ್ತಾರೆ, 72 ಗಂಟೆಗೆ ಕಾಯಬೇಡಿ.

ಫ್ರೀವೇ ಟೀಚರಮ್ಮ

ಮೂರು ವಾರ ಆಯಿತು, ಏನಾಯಿತು ಅಂತ ಕೆಲವರು ಮೆಸೇಜ್ ಮಾಡಿ ಕೇಳಿದ್ದೀರಿ.

ಬರೆದೆ. ಐಟಂ ಬಂತು. ಅಜೆಂಡಾದಲ್ಲಿ ಒಂಬತ್ತನೆಯದು, ಆರನೆಯದರ ಮೇಲೆಯೇ ಇಪ್ಪತ್ತು ನಿಮಿಷ ಹೋಯಿತು. ಪದವಿ ಪ್ರದಾನದ ದಿನ ಯಾರು ಮೊದಲು ನಡೆಯಬೇಕು ಅನ್ನೋ ವಿಷಯ! ಚಾಕ್‌ಪೀಸ್ ಸರ್ ನೆನಪಾದರು. ನಾನು ಗಡಿಯಾರ ನೋಡುತ್ತಾ ಕೂತಿದ್ದೆ. 3:05ಕ್ಕೆ ಹೊರಡಲೇಬೇಕಿತ್ತು. ಕೊನೆಗೆ ಸಾರ್ವಜನಿಕರ ಮಾತಿನ ಹೊತ್ತಿನಲ್ಲೇ ಎದ್ದು ಹೇಳಿದ್ದೆ ಒಳ್ಳೆಯದಾಯಿತು, ಮೂರು ನಿಮಿಷ ಸಿಕ್ಕಿತ್ತು. 'ಈ ಐಟಂ ಬರುವ ಹೊತ್ತಿಗೆ ನಾನು ಸೇತುವೆ ಮೇಲೆ ಇರುತ್ತೇನೆ, ಆ ಸೀಟು ಖಾಲಿ ಇರುವುದಕ್ಕೆ ಕಾರಣ ಇದೇ' ಅಂದೆ. ಕೆಲವರು ನಕ್ಕರು, ಆಮೇಲೆ ಸುಮ್ಮನಾದರು.

ಬದಲಿ ಸದಸ್ಯರ ಬೈಲಾ ಮೊದಲ ಓದಿಗೆ ಬಂದಿದೆಯಂತೆ. ಎರಡನೆಯ ಓದು, ಓಟು ಮುಂದಿನ ಮೀಟಿಂಗಿನಲ್ಲಿ. ಇನ್ನೊಬ್ಬರು ಇಂಗ್ಲಿಷ್ ವಿಭಾಗದ ಪಾರ್ಟ್‌ಟೈಮ್ ಟೀಚರ್ ನನ್ನ ಜೊತೆ ಸೇರಲು ಒಪ್ಪಿದ್ದಾರೆ. ಅವರಿಗೆ ಸೋಮವಾರ ಬಿಡುವು, ನನಗೆ ಕರಿಕ್ಯುಲಮ್ ಕಮಿಟಿ ನಡೆಯುವ ಗುರುವಾರ ಬಿಡುವು. ಹಂಚಿಕೊಂಡಿದ್ದೇವೆ. ಸಪೋರ್ಟ್ ಕ್ಲಾಸಿನ ಕೋರ್ಸ್ ವಿವರ ಈ ಗುರುವಾರ ಅಲ್ಲಿಗೆ ಬರುತ್ತಿದೆ, ಮೂವತ್ತೆರಡು ಪುಟ. ಇವತ್ತು ರಾತ್ರಿ ಓದಬೇಕು.

ರದ್ದಾದ ಕ್ಲಾಸಿನ ದುಡ್ಡಿನ ಬಗ್ಗೆ ಯೂನಿಯನ್ನಿನವರು ಒಪ್ಪಂದದ ಯಾವ ಕಲಮು ಅಂತ ತೋರಿಸಿದರು. ಸ್ವಲ್ಪ ಬರುತ್ತದಂತೆ, ಜಾಸ್ತಿ ಏನಿಲ್ಲ. ಮನೆಯವರು ಇನ್ನೂ 'ಬಿಟ್ಟಿ ಕೆಲಸ' ಅನ್ನುತ್ತಿದ್ದಾರೆ, ಆದರೆ ಗುರುವಾರ ಅಡಿಗೆ ಅವರದು ಅಂತ ಒಪ್ಪಿದ್ದಾರೆ.

ನೇರ ಮಾತು

ಮೂವತ್ತೆರಡು ಪುಟವಾ? ಹೇಳಿದ್ದೆನಲ್ಲ ಮೇಡಂ. ಓದಿ ಮುಗಿಸಿದ ಮೇಲೆ ಆ ಸಪೋರ್ಟ್ ಕ್ಲಾಸಿಗೆ ಟ್ಯೂಟರ್ ಇಟ್ಟಿದ್ದಾರಾ ಇಲ್ಲವಾ, ಇಲ್ಲಿ ಹಾಕಿ.